ಹಿಂದಿನ ಕಾವಲು ನನ್ನದಾಗಿತ್ತು

ಸೂಟ್‌ಕೇಸಿನ ತಳದಲ್ಲಿ ಒಂದು ಹಳದಿ ಪಟ್ಟಿ ಸಿಕ್ಕಿತು. ಮೊಳದುದ್ದ, ಎರಡು ಬೆರಳು ಅಗಲ, ನಡುವೆ ಹೊಳೆಯುವ ಬೆಳ್ಳಿ ಗೆರೆ. ಪ್ಲಾಂಟಿನಲ್ಲಿ ಅಂಗಿಯ ಮೇಲೆ ತೊಡುವ ಸೇಫ್ಟಿ ಜಾಕೆಟನ್ನು ಕತ್ತರಿಸಿ ಮಾಡಿದ್ದು. ಮೂಸಿ ನೋಡಿದೆ. ಬೆವರಿನ ವಾಸನೆ ಹೋಗಿ ಎಷ್ಟೋ ಕಾಲವಾಗಿರಬೇಕು, ಆದರೂ ಮೈದಾನದ ಆ ಒಣ ಧೂಳು, ಸ್ವಲ್ಪ ಗಂಧಕ... ಕೈ ಅಲ್ಲೇ ನಿಂತಿತು.

ಹದಿಮೂರು ವರ್ಷ ಸೌದಿಯ ಜುಬೈಲಿನ ತೈಲ ಪ್ಲಾಂಟಿನಲ್ಲಿ ಫಿಟ್ಟರ್ ಆಗಿ ದುಡಿದು, ಈಗ ಇನ್ನು ಮರಳಿ ಬಾರದಂತೆ ಫೈನಲ್ ಎಕ್ಸಿಟ್ ಹಾಕಿಸಿಕೊಂಡು ಊರಿಗೆ ಹೊರಟವನು ನಾನು. ರೂಮಿನಲ್ಲಿ ನನ್ನ ಜೊತೆಗಿದ್ದ ಉಳ್ಳಾಲದ ಗೆಳೆಯ ಕಾರ್ಟನ್ನಿಗೆ ಹಗ್ಗ ಬಿಗಿಯುತ್ತಿದ್ದ. "ಎಂತ ಮಾರಾಯ, ಬೆಳಿಗ್ಗೆಯಿಂದ ಒಂದು ಕಡೆ ಕೂತದ್ದಿಲ್ಲ, ಈಗ ಕಂಬದ ಹಾಗೆ ನಿಂತಿದ್ದೀ?" ಎಂದ. ಪಟ್ಟಿ ತೋರಿಸಿದೆ. ಅವನೂ ಹಗ್ಗ ಬಿಟ್ಟ.

ಈ ಪಟ್ಟಿಯನ್ನು ನಮ್ಮ ಸೊಂಟಕ್ಕೆ ಕಟ್ಟಿಸಿದವರನ್ನು ನಾವು ಮಾಸ್ಟ್ರು ಅನ್ನುತ್ತಿದ್ದೆವು. ಕೆನಡಾದವರು, ಅರವತ್ತರ ಹತ್ತಿರದ ಪ್ರಾಯ. ಪೈಪುಗಳ ದಪ್ಪ ಅಳೆದು ಎಲ್ಲಿ ಸವೆದಿದೆ ಎಂದು ಬರೆದುಕೊಡುವ ಕೆಲಸ. ನಮ್ಮ ಕಡೆ ಯಾರು ಏನು ಕಲಿಸಿದರೂ ಮಾಸ್ಟ್ರೇ. ಅವರು ಕಲಿಸಿದ್ದು ತಮ್ಮ ದೇಶದ ಫುಟ್‌ಬಾಲ್. ಕಾಲಿನಲ್ಲಿ ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಓಡುವುದೂ ಎಸೆಯುವುದೂ ಹೆಚ್ಚಿರುವ ಆಟ. ಹಿಂಡಿದ ಗೋಣಿಯಂತೆ ಎರಡೂ ತುದಿ ಮೊನಚಾದ ಚೆಂಡು, ಒಂದೊಂದು ಕಡೆ ಹನ್ನೆರಡು ಜನ. ಆ ದೇಶದಲ್ಲಿ ಮೈಮೇಲೆ ಬಿದ್ದು ಕೆಡವುತ್ತಾರಂತೆ. ಕ್ಯಾಂಪಿನಲ್ಲಿ ಯಾರಾದರೂ ಕೈಕಾಲು ಮುರಿದುಕೊಂಡರೆ ಡ್ಯೂಟಿ ಯಾರು ಮಾಡುವುದು? ಅದಕ್ಕೇ ಎಲ್ಲರ ಸೊಂಟಕ್ಕೆ ಈ ಹಳದಿ ಪಟ್ಟಿ. ಚೆಂಡು ಹಿಡಿದವನ ಪಟ್ಟಿ ಕಿತ್ತರೆ ಅವನು ಬಿದ್ದ ಲೆಕ್ಕ.

ಶುಕ್ರವಾರ ಜುಮ್ಮಾ ಮುಗಿದು ಬಿಸಿಲು ಇಳಿಯುವಾಗ ಮೈದಾನಕ್ಕೆ ಹೋಗುತ್ತಿದ್ದೆವು. ನಮ್ಮ ತಂಡದಲ್ಲಿ ಹೆಚ್ಚಿನವರು, ಈ ಉಳ್ಳಾಲದವನೂ ಸೇರಿ, ಕರಾವಳಿಯವರು, ಕಬಡ್ಡಿ ಆಡಿ ಬೆಳೆದವರು. ಓಡುವುದು, ಬಳುಕುವುದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತೊಂದರೆ ಇದ್ದದ್ದು ಒಂದೇ. ಕಬಡ್ಡಿಯಲ್ಲಿ ಒಬ್ಬ ಕಾಲು ಹಿಡಿದನೆಂದರೆ ಉಳಿದವರೆಲ್ಲ ದಬಕ್ಕನೆ ಮೇಲೆ ಬೀಳಬೇಕು. ನಿಂತು ನೋಡಿದವನಿಗೆ ಬೈಗುಳ. ಇಲ್ಲಿಯೂ ಹಾಗೇ ಮಾಡುತ್ತಿದ್ದೆವು. ಚೆಂಡು ಎಲ್ಲಿದೆಯೋ ಅಲ್ಲಿ ನಾವು ಹನ್ನೆರಡೂ ಜನ. ಹಿಂದೆ ಇಡೀ ಮೈದಾನ ಖಾಲಿ. ಮಾಸ್ಟ್ರು ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಿದ್ದರು.

ಎಲ್ಲರಿಗಿಂತ ಹಿಂದೆ ನಿಲ್ಲುವ ಕಾವಲಿಗೆ ಅವರು ನನ್ನನ್ನು ಹಾಕಿದರು. ನಾನೋ, ಸಾಲಿನಲ್ಲಿ ಎರಡು ನಿಮಿಷ ನಿಂತರೆ ಪಾದ ಉರಿಯುವ ಜಾತಿ! ಬಾಯಿಯೂ ಹಾಗೇ. ಯಾರು ಚೆಂಡು ಬಿಟ್ಟರೂ ಅವನ ಏಳು ತಲೆಮಾರನ್ನು ವಿಚಾರಿಸದೆ ಬಿಡುತ್ತಿರಲಿಲ್ಲ. ಬಹುಶಃ ಅದಕ್ಕೇ ಹಾಕಿದರೋ ಏನೋ...

ಅವರು ಹೇಳಿದ್ದು ಈಗಲೂ ಕಿವಿಯಲ್ಲಿದೆ. ಕೆನಡಾದ ಆಟದಲ್ಲಿ ಚೆಂಡು ನೆಲ ಬಿಡುವ ಮೊದಲೇ ಎದುರಿನವರು ಓಡಲು ಶುರುಮಾಡಬಹುದು. ನಮ್ಮ ಮುಂದೆ ಬರುವಷ್ಟರಲ್ಲಿ ಪೂರ್ತಿ ವೇಗದಲ್ಲಿರುತ್ತಾರೆ. ಹತ್ತಿರ ನಿಂತು ಹಿಡಿಯಲು ಹೋದರೆ ದಾಟಿಯೇ ಬಿಡುತ್ತಾರೆ. "ಜಾಗ ಕೊಡು. ಹಿಂದಕ್ಕೆ ಹೆಜ್ಜೆ ಹಾಕುತ್ತಾ ಇರು. ಅವನ ಕಣ್ಣು ಸುಳ್ಳು ಹೇಳುತ್ತದೆ, ಸೊಂಟ ಹೇಳುವುದಿಲ್ಲ, ಸೊಂಟ ನೋಡು. ಅವನಾಗಿ ನಿನ್ನ ಹತ್ತಿರ ಬರುತ್ತಾನೆ." ಆಮೇಲೆ ಬೆರಳೆತ್ತಿ, "ಹನ್ನೊಂದು ಜನ ಹೋದರೂ ನೀನು ಹೋಗಬೇಡ. ನಿನ್ನ ಹಿಂದೆ ಎದುರಿನವರು ಯಾರೂ ಇರಬಾರದು" ಎನ್ನುತ್ತಿದ್ದರು. ಡ್ಯೂಟಿ ಬಸ್ಸಿನಲ್ಲಿ ಸಿಕ್ಕರೂ ಅದನ್ನೇ ಹೇಳುತ್ತಿದ್ದರು.

ಅವರ ಕೆಲಸ ಮುಗಿಯಿತು ಎಂಬ ಸುದ್ದಿ ಆರು ವರ್ಷದ ಹಿಂದೆ, ಜನವರಿಯಲ್ಲಿ ಬಂತು. ಹೊರಡುವ ಮೊದಲು ಅಬ್ಕೈಕ್ ಕ್ಯಾಂಪಿನವರ ಜೊತೆ ಒಂದು ಪಂದ್ಯ ಇಟ್ಟುಕೊಂಡೆವು. ಆ ತಂಡವನ್ನು ನಾವು ಒಮ್ಮೆಯೂ ಸೋಲಿಸಿರಲಿಲ್ಲ. ಈ ಸಲ ಗೆದ್ದೇ ಮಾಸ್ಟ್ರನ್ನು ಕಳುಹಿಸಿಕೊಡುವುದೆಂದು ಎಲ್ಲರಿಗಿಂತ ದೊಡ್ಡದಾಗಿ ಹೇಳಿಕೊಂಡು ತಿರುಗಿದವನು ನಾನೇ.

ಕೊನೆಯ ಸರದಿ. ನಾವು ನಾಲ್ಕು ಅಂಕ ಮುಂದೆ. ಅವರು ಗೆಲ್ಲಬೇಕಾದರೆ ಚೆಂಡು ಹಿಡಿದು ನನ್ನ ಹಿಂದಿನ ಗೆರೆ ದಾಟಬೇಕು, ಅದಕ್ಕೆ ಆರು ಅಂಕ. ಅವರ ಎಸೆತಗಾರ ಚೆಂಡನ್ನು ಪಕ್ಕದ ಅಂಚಿನಲ್ಲಿದ್ದ ಒಬ್ಬನಿಗೆ ಕೊಟ್ಟ. ಅವನು ಓಡತೊಡಗಿದ. ನಮ್ಮವರು ಸುತ್ತುವರಿದರು, ಒಬ್ಬನ ಬೆರಳು ಅವನ ಪಟ್ಟಿಗೆ ತಾಗಿತು. ಅಷ್ಟೇ, ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಊರಿನ ಅಂಗಳದಲ್ಲಿದ್ದೇನೆ ಎನ್ನುವಂತೆ ನುಗ್ಗಿದೆ. ನಾನು ನಾಲ್ಕು ಹೆಜ್ಜೆ ಮುಂದೆ ಬಂದದ್ದೇ ತಡ, ಅವನು ನಿಂತು ಚೆಂಡನ್ನು ಎತ್ತರಕ್ಕೆ ಎಸೆದ. ಅದು ನನ್ನ ತಲೆಯ ಮೇಲೆ ಹಾದು ಹೋಯಿತು. ತಿರುಗಿ ನೋಡಿದರೆ ಅವರವನೊಬ್ಬ ಹಿಂದೆ ಒಂಟಿಯಾಗಿ ಓಡುತ್ತಿದ್ದ, ತಡೆಯಲು ಯಾರೂ ಇಲ್ಲ. ಚೆಂಡು ಹಿಡಿದು ಗೆರೆ ದಾಟಿಯೇ ಬಿಟ್ಟ, ನಾವು ಸೋತೆವು.

ಬೆಂಚಿನಿಂದ ಕ್ಯಾಂಪ್ ಬಾಸ್ ಕೂಗಿದ, "ಪೀಛೇ ಕೌನ್ ಥಾ?" ಹಿಂದೆ ಇದ್ದವನು ಯಾರು ಎಂದು. ನಾನು ಬಗ್ಗಿ ಶೂ ಲೇಸು ಕಟ್ಟತೊಡಗಿದೆ. ಲೇಸು ಬಿಚ್ಚಿಯೇ ಇರಲಿಲ್ಲ.

"ನಾನೇ ಅವನನ್ನು ಕೈಬೀಸಿ ಮುಂದೆ ಕರೆದೆ. ತಪ್ಪು ನನ್ನದು" ಎಂದರು ಮಾಸ್ಟ್ರು. ಕೈ ಬೀಸಿಯೇ ಇರಲಿಲ್ಲ ಅವರು. ಮುದುಕನಿಗೆ ಊರಿಗೆ ಹೋಗುವ ಗಡಿಬಿಡಿ ಎಂದು ಬೆಂಚಿನ ಮೇಲಿದ್ದವರು ನಕ್ಕರು. ಅವರೂ ಸ್ವಲ್ಪ ನಕ್ಕು, ಟೋಪಿ ಹಾಕಿಕೊಂಡು, ನೆಲದ ಮೇಲಿದ್ದ ಪಟ್ಟಿಗಳನ್ನು ಒಂದೊಂದಾಗಿ ಹೆಕ್ಕತೊಡಗಿದರು. ಊರಿಗೆಲ್ಲ ಬೈಯುವ ನನ್ನ ಬಾಯಿಗೆ ಆವತ್ತು ಬೀಗ ಬಿದ್ದಿತ್ತು. ತಂಡದವರು ಯಾರೂ ನನ್ನನ್ನು ಏನೂ ಕೇಳಲಿಲ್ಲ. ನಂಬಿದರು ಎಂದುಕೊಂಡೆ. ನನ್ನ ಸೊಂಟದ ಪಟ್ಟಿ ಹಿಂದೆ ಕೊಡಲೂ ಮರೆತೆ.

ಮುಂದಿನ ಗುರುವಾರ ಮೆಸ್ಸಿನಲ್ಲಿ ಅವರಿಗೆ ವಿದಾಯದ ಊಟ. ಮೂರು ದಿನದಿಂದ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡು ಓಡಾಡಿದ್ದೆ. ಆದರೆ ಆ ಬೆಳಿಗ್ಗೆ ಫೋರ್‌ಮನ್ ಬಳಿ ಹೋಗಿ ನಾನಾಗಿಯೇ ಓವರ್‌ಟೈಮ್ ಕೇಳಿಕೊಂಡೆ. ಕಾಗದ ಬರೆದರಾಯಿತು ಎಂದು ಸಮಾಧಾನ ಹೇಳಿಕೊಂಡೆ. ಬರೆಯಲಿಲ್ಲ. ವರ್ಷಗಳು ಹೋದವು. ಕಳೆದ ರಂಜಾನಿನಲ್ಲಿ ಯಾರೋ ವಾಟ್ಸಾಪಿನಲ್ಲಿ ಅವರ ಫೋಟೋ ಕಳುಹಿಸಿದರು. ಕೆಳಗೆ ಎರಡು ಸಾಲಿನಲ್ಲಿ ಅವರು ತೀರಿಕೊಂಡ ಸುದ್ದಿ.

ಇಷ್ಟನ್ನೂ ಉಳ್ಳಾಲದವನಿಗೆ ಹೇಳಿದೆ. ಆರು ವರ್ಷದಲ್ಲಿ ಮೊದಲ ಸಲ. ಅವರು ಕೈ ಬೀಸಿರಲಿಲ್ಲ, ನಾನೇ ಜಾಗ ಬಿಟ್ಟು ಬಂದದ್ದು, ಎಂದೆ. ಅವನು ನನ್ನನ್ನೇ ನೋಡಿದ.

"ಅದು ನಮಗೆ ಗೊತ್ತಿರ್ಲಿಲ್ವಾ? ನಮಗೆಂತ ಕಣ್ಣಿಲ್ವಾ ಮಾರಾಯ?"

"ಮತ್ತೆ ಯಾಕೆ ಕೇಳ್ಲಿಲ್ಲ ನೀವು?"

"ಮಾಸ್ಟ್ರು ಬೇಡ ಅಂದ್ರು. ಅವನನ್ನು ಯಾರೂ ಒತ್ತಬೇಡಿ, ಜಾಗ ಕೊಡಿ, ಅವನಾಗಿ ಬರ್ತಾನೆ ಅಂತ." ಅವನು ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡ. "ಆ ಗುರುವಾರ ಊಟ ಆದ ಮೇಲೂ ಹೊರಡ್ಲಿಲ್ಲ ಅವ್ರು. ಡ್ರೈವರ್ ಹಾರ್ನ್ ಹಾಕ್ತಾ ಇದ್ದ. ಪ್ಲಾಂಟಿನಿಂದ ಬಸ್ಸು ಬರುವವರೆಗೆ ಕಾದ್ರು. ಬಸ್ಸಿನಿಂದ ಎಲ್ಲರೂ ಇಳಿದು ಮುಗಿದು, ಅದರಲ್ಲಿ ನೀನಿಲ್ಲ ಅಂತ ಆದ ಮೇಲೆ ಹೋದ್ರು."

ನನಗೆ ಅಳು ಬಂತು. ಅವನು ಕಾರ್ಟನ್ನಿನ ಕಡೆ ತಿರುಗಿ ಗಂಟು ಹಾಕುತ್ತಾ ಕೂತ. ನಾನು ಅಳುವುದನ್ನು ನೋಡದ ಹಾಗೆ ಮಾಡಿದ್ದು ಅದು.

ನಾಳೆ ಮಧ್ಯಾಹ್ನ ವಿಮಾನ. ಪಟ್ಟಿಯನ್ನು ಪೆಟ್ಟಿಗೆಗೆ ಹಾಕದೆ ಜೇಬಿಗೆ ಹಾಕಿಕೊಂಡಿದ್ದೇನೆ. ಕಿಟಕಿಯಿಂದ ಕ್ಯಾಂಪಿನ ಗೇಟು ಕಾಣುತ್ತದೆ, ಡ್ಯೂಟಿ ಬಸ್ಸು ಈಗಷ್ಟೇ ಬಂದು ನಿಂತಿದೆ. ಒಬ್ಬೊಬ್ಬರಾಗಿ ಇಳಿಯುತ್ತಿದ್ದಾರೆ... ಕೊನೆಯವನು ಇಳಿಯುವವರೆಗೆ ನಿಂತು ನೋಡಿದೆ.