ಫೋನ್ ಮಾಡದೆ ಹೋದ ದಿನ

ಬಾಗಿಲು ತೆರೆದ ರೀಟಾ, ಬಿಳಿ ನಿಲುವಂಗಿಯ ಫಾದರ್ ಅವರನ್ನು ಕಂಡವಳೇ ಧಡಾರನೆ ಮುಚ್ಚಿಕೊಂಡು ಒಳಗಿನಿಂದ ಚೀರಿದಳು: "ನಾನು ತೆಗಿಯುದಿಲ್ಲ ಫಾದರ್! ನೀವು ಹೇಳುವ ತನಕ ಅವರು ಬದುಕಿದ್ದಾರೆ!"

ಮುಂಬಯಿ ಬಳಿಯ ಡೊಂಬಿವಲಿಯ ಆ ಮೂರನೇ ಮಾಳಿಗೆಯಲ್ಲಿ, ಫಾದರ್ ಹಿಂದೆ ನಿಂತಿದ್ದ ನಾನು ಬಾಗಿಲ ಬಳಿಗೆ ಧಾವಿಸಿದೆ. ಅವಳ ಗಂಡ ಕಾಶ್ಮೀರದ ಗಡಿಯಲ್ಲಿದ್ದರು. ಚರ್ಚ್‌ನಿಂದ ಸೈನಿಕರ ಮನೆಗಳಿಗೆ ಹೋಗುವಾಗಲೆಲ್ಲ ಮೊದಲೇ ಫೋನ್ ಮಾಡುತ್ತಿದ್ದ ನಾನು, ಅಂದು ಅವಳ ಹುಟ್ಟುಹಬ್ಬಕ್ಕೆ ಸರ್‌ಪ್ರೈಸ್ ಕೊಡೋಣವೆಂದು, ಚರ್ಚಿನಲ್ಲಿ ಬಲಿಪೂಜೆ ಮುಗಿಸಿದ ಫಾದರ್ ಅವರನ್ನು ನಿಲುವಂಗಿಯಲ್ಲೇ, ಫೋನ್ ಮಾಡದೆ ಕರೆತಂದಿದ್ದೆ.

"ಅವರಿಗೆ ಏನೂ ಆಗ್ಲಿಲ್ಲ ಮಾರಾಯ್ತಿ, ನಾವು ಕೇಕ್ ತಂದದ್ದು!" ಎಂದು ಬಾಗಿಲು ಬಡಿದೆ. ಬಹಳ ಹೊತ್ತಿನ ಮೇಲೆ ಚಿಲಕ ಸರಿಯಿತು.

ಈಗ ಹೋದಾಗಲೆಲ್ಲ ಗೇಟಿನಿಂದಲೇ ರೀಟಾಳಿಗೆ ಫೋನ್ ಮಾಡಿ, ಅವಳು ಹಲೋ ಅನ್ನುವ ಮೊದಲೇ "ಅವರು ಚೆನ್ನಾಗಿದ್ದಾರೆ" ಎನ್ನುತ್ತೇನೆ. ಹಾಗೆ ಹೇಳಲಾಗದ ದಿನ ಬಂದರೆ, ಆ ಗೇಟಿನಲ್ಲಿ ನಿಂತು ಏನು ಹೇಳಲಿ?