ಚಿಪ್ಪರಿನ ಕುಂದುಕೊರತೆಗಳು

ನಮ್ಮ ಮನೆಯಲ್ಲಿ ಕುಕ್ಕರಿನ ಸೀಟಿಗೆ ಏಳುವವಳು ನಾನೊಬ್ಬಳೇ. ಅದು ಕೂಗಿ ಕೂಗಿ ಸುಸ್ತಾದರೂ ಅಡಿಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಪೇಪರು ಓದುವ ನಮ್ಮವರ ಹುಬ್ಬು ಕೂಡ ಅಲುಗುವುದಿಲ್ಲ. ಮೊದಮೊದಲು ಇದನ್ನು ಗಂಡಸರ ಸಹಜಧರ್ಮವೆಂದು ತಿಳಿದು ಸುಮ್ಮನಿದ್ದೆ. ನನ್ನ ಜಾಗದಲ್ಲಿ ನೀವಿದ್ದರೂ ಹಾಗೇ ತಿಳಿಯುತ್ತಿದ್ದಿರಿ. ಆದರೆ ಬಾಗಿಲ ಗಂಟೆ, ಫೋನು, ಕಡೆಗೆ ನನ್ನ ಮಾತು, ಎಲ್ಲವೂ ಅದೇ ಧರ್ಮದ ವ್ಯಾಪ್ತಿಗೆ ಬಂದಮೇಲೆ ಅವರನ್ನು ಕಿವಿಯ ಡಾಕ್ಟರ ಬಳಿಗೆ ಕರೆದೊಯ್ದೆ. ಡಾಕ್ಟರು ಪರೀಕ್ಷೆ ಮುಗಿಸಿ ಉದ್ಯೋಗವೇನೆಂದು ವಿಚಾರಿಸಿದರು. ನಾನು ಹೇಳಿದೆ. ಇನ್ನೇನೂ ಕೇಳುವ ಅಗತ್ಯವಿಲ್ಲವೆಂಬಂತೆ ಅವರು ಪೆನ್ನು ಕೆಳಗಿಟ್ಟರು. ಉಳಿದಷ್ಟಾದರೂ ಉಳಿಯಬೇಕಾದರೆ ಆ ಯಂತ್ರದ ಸಹವಾಸ ಬಿಡಬೇಕು, ಅಷ್ಟೆ, ಎಂದರು.

ಆ ಯಂತ್ರವೆಂದರೆ ಚಿಪ್ಪರ್. ಒಂದು ಬಾಯಿಂದ ಟೊಂಗೆಗಳನ್ನು ನುಂಗಿ ಇನ್ನೊಂದು ಬಾಯಿಂದ ಚೂರುಚೂರಾಗಿ ಉಗುಳುವ, ಗಾಲಿಗಳ ಮೇಲೆ ಕೂತ, ಎಮ್ಮೆಗಿಂತ ತುಸು ದೊಡ್ಡದಾದ ವಸ್ತು. ಸೊಲ್ಲಾಪುರದಲ್ಲಿ ನಮ್ಮದು ಮಾವನವರ ಕಾಲದ ಕಟ್ಟಿಗೆ ವಖಾರ, ಎಂದರೆ ಸೌದೆಯ ಡಿಪೋ. ಚಾದರಕ್ಕೆ ಬಣ್ಣ ಹಾಕುವ ಕಾರ್ಖಾನೆಗಳ ಬಾಯ್ಲರಿಗೆ ಚೂರು ಒದಗಿಸಲೆಂದು ನಮ್ಮವರು ಅದನ್ನು ತಂದು, ಆಳುಗಳನ್ನು ನಂಬದೆ ತಾವೇ ಅದರ ಪಕ್ಕದಲ್ಲಿ ನಿಂತು ಆಯುಷ್ಯದ ಒಳ್ಳೆಯ ಭಾಗವನ್ನು ಕಳೆದಿದ್ದರು.

ಮಾರಲು ಅವರು ಒಂದೇ ಮಾತಿಗೆ ಒಪ್ಪಿದರು. ಇಷ್ಟು ಬೇಗ ಒಪ್ಪಿದ್ದಕ್ಕೇ ನನಗೆ ಸಂಶಯ ಬರಬೇಕಿತ್ತು. ನೆರೆಹೊರೆಗೆಲ್ಲ "ಮೊಣಕಾಲ ನೋವು, ನಿಂದ್ರಾಕ ಆಗವಲ್ದು" ಎಂದು ಕಾರಣ ಹೇಳಿದರು. ಕಿವಿಯ ಸುದ್ದಿ ಮನೆಯ ಹೊಸ್ತಿಲು ದಾಟಲಿಲ್ಲ.

ಜಾಹೀರಾತನ್ನು ಮೊಬೈಲಿನಲ್ಲಿ ನಾನೇ ಹಾಕಿದೆ. ಗಿರಾಕಿಗಳು ಬಂದರು. ಬಂದವರಿಗೆ ನಾನು ಚಹಾ ಕೊಟ್ಟೆ, ನಮ್ಮವರು ಯಂತ್ರದ ದೋಷಗಳನ್ನು ಕೊಟ್ಟರು. "ಬೇರಿಂಗ್ ಸವದಾವ. ಬೆಲ್ಟ್ ಈ ವರ್ಷ ಹರೀತದ. ಹಸಿ ಬೇವಿನ ಟೊಂಗಿ ಹಾಕಿದ್ರ ಬಾಯಿ ಕಟ್ಟತದ, ಬಿಡಸೂದ್ರಾಗ ಮಧ್ಯಾಹ್ನ ಆಗತದ." ಮರಾಠಿ ಗಿರಾಕಿಗೆ ಇದೇ ಚರಿತ್ರೆಯನ್ನು ಮರಾಠಿಯಲ್ಲಿ, ಇನ್ನೂ ವಿಸ್ತಾರವಾಗಿ ಹೇಳಿದರು. ನಮ್ಮ ಮನೆತನದ ವ್ಯಾಪಾರದಲ್ಲಿ ಗಿರಾಕಿಯ ಮುಂದೆ ಇಷ್ಟೊಂದು ಸತ್ಯ ಹಿಂದೆ ಎಂದೂ ಖರ್ಚಾಗಿರಲಿಲ್ಲ. ಎಲ್ಲರೂ ಚಹಾ ಚೆನ್ನಾಗಿದೆ ಎಂದು ಹೇಳಿ ಹೋದರು.

ಸತ್ಯವೂ ಒಂದು ಬಗೆಯ ಬೇಲಿಯಾಗಬಲ್ಲುದೆಂದು ನಾನು ಆಗ ಯೋಚಿಸಿದೆ. ಬಿಟ್ಟುಕೊಡಲು ಮನಸ್ಸಿಲ್ಲದವನು ಸುಳ್ಳನ್ನೇ ಹೇಳಬೇಕೆಂದಿಲ್ಲ. ಸಣ್ಣಸಣ್ಣ ನಿಜಗಳನ್ನು ಒಂದರ ಪಕ್ಕ ಒಂದು ನೆಟ್ಟರೆ ಸಾಕು, ದೊಡ್ಡ ನಿಜ ಅದರೊಳಗೆ ಯಾರ ಕಣ್ಣಿಗೂ ಬೀಳದೆ ಹಾಯಾಗಿ ಮಲಗಿರುತ್ತದೆ. ಗಂಡನ ಮೇಲೆ ಇಂಥ ತತ್ತ್ವಚಿಂತನೆ ಮಾಡುವುದಕ್ಕೆ ಬಿಡುವು ಬೇಕು. ಮಾತಿಲ್ಲದ ಮನೆಯಲ್ಲಿ ಬಿಡುವಿಗೆ ಬರವಿಲ್ಲ.

ಕೊನೆಗೆ ಅಕ್ಕಲಕೋಟೆ ಹತ್ತಿರದ ಹನ್ನೂರಿನಿಂದ ಬೀರಪ್ಪ ಮತ್ತು ಅವನ ಹೆಂಡತಿ ಮಹಾದೇವಿ ಬಂದರು. ಕುರಿ ಸಾಕಿದ ಮನೆತನ. ಈಗ ದಾಳಿಂಬೆ ತೋಟವೂ ಇದೆ. ಸವರಿದ ಮುಳ್ಳು ಟೊಂಗೆಗಳನ್ನು ಸುಡುವ ಬದಲು ಚೂರು ಮಾಡಿ ಗಿಡದ ಬುಡಕ್ಕೆ ಹಾಸುವ ಆಲೋಚನೆ ಅವರದು. ನಮ್ಮವರು ಬೇರಿಂಗಿನಿಂದ ಶುರುಮಾಡಿದರು. ಬೀರಪ್ಪ ಪೂರ್ತಿ ಕೇಳಿ, "ಮುದಿ ಟಗರಿಗೂ ಇಷ್ಟ ಬ್ಯಾನಿ ಇರ್ತಾವ್ರಿ. ಚಾಲೂ ಮಾಡ್ರಿ, ನೋಡೂಣು" ಎಂದ.

ಚಿಪ್ಪರ್ ಚಾಲೂ ಆಯಿತು. ವಖಾರದ ತಗಡುಗಳು ನಡುಗಿದವು. ಮಹಾದೇವಿ ಸೆರಗಿನಿಂದ ಕಿವಿ ಮುಚ್ಚಿಕೊಂಡಳು. ನಮ್ಮವರು ಮಾತ್ರ ಯಂತ್ರದ ಪಕ್ಕೆಗೆ ಅಂಗೈ ಇಟ್ಟು, ಜ್ವರ ನೋಡುವವರಂತೆ, ಬ್ಲೇಡು ಸರಿಯಾಗಿ ಕಡಿಯುತ್ತಿದೆಯೇ ಎಂದು ಕೈಯಿಂದಲೇ ತಿಳಿಯುತ್ತಿದ್ದರು. ಆರಿಸಿದ ಮೇಲೆ ಬೀರಪ್ಪ ಅವರ ಬೆನ್ನ ಹಿಂದಿನಿಂದ ಏನೋ ಕೇಳಿದ. ಉತ್ತರವಿಲ್ಲ. ಮತ್ತೆ ಕೇಳಿದ. ಆಮೇಲೆ ನನ್ನ ಕಡೆ ತಿರುಗಿ, "ಸಾವ್ಕಾರ್ರಿಗಿ ಕಿವಿ ಮಂದ ಏನ್ರಿ ವೈನಿ?" ಎಂದ.

ನಮ್ಮವರು ನಮ್ಮ ಮುಖಗಳನ್ನು ನೋಡಿ, "ಏನಂತಾರ?" ಎಂದರು. ಬೀರಪ್ಪ ಎದುರಿಗೆ ಬಂದು, ಕುರಿ ಕರೆಯುವ ದನಿಯಲ್ಲಿ, ಆದರೆ ಯಾವ ಕುಚೋದ್ಯವೂ ಇಲ್ಲದೆ, ಅದನ್ನೇ ಕೇಳಿದ. ಊರಿಗೆಲ್ಲ ಮರೆಮಾಡಿಟ್ಟ ಮಾತು ವಖಾರದ ನಡುವೆ ಬಂದು ನಿಂತಿತು. ಇವರೀಗ ಮೊಣಕಾಲಿನ ಮಾತು ತೆಗೆಯುತ್ತಾರೆಂದು ನಾನು ಕಾದೆ. ಅವರು ಅರಿವೆಯ ಚೂರಿನಿಂದ ನಿಧಾನವಾಗಿ ಕೈ ಒರೆಸಿಕೊಂಡರು.

"ಕೇಳಂಗಿಲ್ರಿ," ಎಂದರು. "ಮೊಣಕಾಲ ಗಟ್ಟಿ ಅದಾವ. ಕಿವಿ ಹೋಗ್ಯಾವ. ಇದ ಮಷೀನ್ ತಿಂದದ. ಬೇರಿಂಗ್ ಬದಲಿ ಮಾಡಬಹುದು, ಇದನ್ನೇನ್ ಮಾಡ್ತೀರಿ? ನಡಸೂ ಮುಂದ ಕಿವಿ ಮುಚ್ಚೂದು ಹಾಕ್ಕೋಬೇಕು. ಹಾಕ್ಕೊಳ್ಳಾಂಗಿಲ್ಲಂದ್ರ ನಾ ಕೊಡಾಂಗಿಲ್ಲ."

ಬೀರಪ್ಪ ನೆಲ ನೋಡಿದ. ಮಾತಾಡಿದವಳು ಮಹಾದೇವಿ. "ನಾ ಹಾಕಸ್ತೀನ್ರಿ ಅಣ್ಣಾರ. ಚಾವಿ ನನ್ನ ಸೆರಗಿನಾಗ ಇರ್ತದ. ಕಿವಿ ಮುಚ್ಕೊಂಡ ಬಂದ್ರ ಚಾವಿ, ಇಲ್ಲಾಂದ್ರ ಇಲ್ಲ."

ನಮ್ಮವರು ಅವಳ ತುಟಿ ನೋಡುತ್ತಲೇ ಇದ್ದರು. ಎಷ್ಟು ತಿಳಿಯಿತೋ ಕಾಣೆ, ತಲೆಯಾಡಿಸಿ ಒಳಗೆ ಹೋಗಿ ಚಾವಿ ತಂದು ಅವಳ ಕೈಯಲ್ಲೇ ಇಟ್ಟರು. ವ್ಯವಹಾರ ಮುಗಿಯಿತು.

ಯಂತ್ರವನ್ನು ಟ್ರ್ಯಾಕ್ಟರಿಗೆ ಕಟ್ಟಿ ಒಯ್ದ ದಿನ, ನಡೆಸುವ ರೀತಿ ತೋರಿಸಲು ನಮ್ಮವರೂ ಹನ್ನೂರಿಗೆ ಹೋದರು, ನಾನೂ ಹೋದೆ. ಬೀರಪ್ಪ ಕಿವಿಗೆ ದಪ್ಪ ಮುಚ್ಚಳ ಸಿಕ್ಕಿಸಿಕೊಂಡು, ಮೊದಲ ಸಲ ಬಾಸಿಂಗ ಕಟ್ಟಿಸಿಕೊಂಡವನಂತೆ ಬಿಗಿದು ನಿಂತಿದ್ದ. ದಾಳಿಂಬೆ ಟೊಂಗೆಗಳು ಚೂರಾಗಿ ಬಿದ್ದವು. ಹೇಳಿಕೊಡುವುದನ್ನೆಲ್ಲ ಚಾಲೂ ಆಗುವ ಮೊದಲೇ ಮುಗಿಸಿದ್ದ ನಮ್ಮವರು ದೂರದ ಬೇವಿನ ಕೆಳಗೆ ಕೂತು ನೋಡಿದರು; ಹತ್ತಿರ ಹೋಗಲಿಲ್ಲ, ಯಾರೂ ತಡೆಯದಿದ್ದರೂ.

ಅಕ್ಕಲಕೋಟೆಯಿಂದ ಸೊಲ್ಲಾಪುರದ ಬಸ್ಸು ಹಿಡಿದೆವು. ಬಸ್ಸು ಊರು ದಾಟುತ್ತಿದ್ದಂತೆ ಅವರು ಎದ್ದು ನಿಂತು ನನ್ನನ್ನು ಆಚೆ ಸರಿಸಿ, ಜಾಗ ಬದಲಿಸಿ ಕೂತರು.

"ಈ ಕಡಿ ಕಿವಿ ಒಂದೀಟ ಕೇಳತದ," ಎಂದರು. "ಏನರ ಮಾತಾಡು."

ಎಷ್ಟೋ ವರ್ಷಗಳಿಂದ ನಾನು ಅವರೊಡನೆ ಊಟ, ನೀರು, ಕರೆಂಟು ಬಿಲ್ಲು ಎಂದು ಮಾತನ್ನು ಒಂದೊಂದೇ ಪದಕ್ಕೆ ಇಳಿಸಿಕೊಂಡು ಬಂದಿದ್ದೆ. ಆಡದೆ ಉಳಿದದ್ದೆಲ್ಲ ಎಲ್ಲೋ ಕೂಡಿಬಿದ್ದಿದೆ ಎಂಬ ನಂಬಿಕೆಯಿತ್ತು. ಈಗ ಕೈಹಾಕಿದರೆ ಒಂದೂ ಸಿಗಲಿಲ್ಲ. ಕಿಟಕಿಯ ಹೊರಗೆ ನೋಡಿದೆ.

"ಜ್ವಾಳ ಛಲೋ ಬಂದದ್ರಿ," ಎಂದೆ.

ಅವರು ಕಿವಿ ಇನ್ನಷ್ಟು ಹತ್ತಿರ ತಂದು ಕೇಳಿಸಿಕೊಂಡರು. ಬಗ್ಗಿ ಹೊಲಗಳನ್ನು ನೋಡಿದರು.

"ಹೂಂ," ಎಂದರು. "ಛಲೋ ಬಂದದ. ಮತ್ತ?"