ನಾವು ಅಂದ್ರ ಎಷ್ಟು ಮಂದಿ?

ಗೆಳತ್ಯಾರ, ನನ್ನ ಶೇಂಗಾ ಚಟ್ನಿ ವ್ಯಾಪಾರಕ್ಕ ಭದ್ರವಾದ ಇಮೇಲ್ ಮಾಡಿಕೊಡಾಕ ಇವತ್ತು ಹುಬ್ಬಳ್ಳಿಯಿಂದ ಕಂಪ್ಯೂಟರಿನವರು ನಮ್ಮೂರು ಸಂಶಿಗೆ ಬಂದಿದ್ರು. ನಾಲ್ಕು ಇಮೇಲ್ ಲೈಸೆನ್ಸ್ ಬರೆದುಕೊಂಡಿದ್ರು.

“ನಾಲ್ಕ್ಯಾಕ್ರಿ?”

“ಒಬ್ಬರಿಗೆ ಒಂದು ಬೇಕ್ರಿ ಅಕ್ಕಾರ. ಫೋನಿನ್ಯಾಗ ‘ನಾವು ಹುರೀತೀವಿ, ನಾವು ಕುಟ್ಟತೀವಿ, ನಾವು ಡಬ್ಬಿ ತುಂಬತೀವಿ, ನಾವು ಕಳಸ್ತೀವಿ’ ಅಂದ್ರೆಲ್ಲ.”

“ನಾವು ಅಂದ್ರ ನಾನೊಬ್ಬಾಕಿ ರೀ.”

ಮೂರನ್ನ ಹೊಡೆದು ಹಾಕಿದ್ರು. “ನೀವು ಪಾಸ್‌ವರ್ಡ್ ಮರೆತರ ಆರು ಅಂಕಿ ಕೋಡ್ ಕಳಸಾಕ ನಂಬಿಗಸ್ತರೊಬ್ಬರನ್ನ ಹೇಳ್ರಿ. ಇಲ್ಲಂದ್ರ ಬಂದ ಆರ್ಡರೆಲ್ಲಾ ಇಮೇಲಿನ ಒಳಗ ಉಳೀತಾವ.”

ನನಗ ಯಾರ ಹೆಸರೂ ಹೊಳೀಲಿಲ್ಲ. ಜಗಲಿ ಮ್ಯಾಲಿನ ದೇವರ ಫೋಟೋ ನೋಡಿ, “ನನಗ ಮಲ್ಲಯ್ಯನೇ ಗತಿ” ಅಂದೆ.

“ಅವರ ಮೊಬೈಲ್ ನಂಬರ್ ಹೇಳ್ರಿ.”

ಆ ನಂಬರಿನ ಖಾನೆ ಇನ್ನೂ ಖಾಲಿ ಐತಿ. ನಿಮ್ಮೊಳಗ ಯಾರರ ನಂಬರ್ ಕೊಡ್ತೀರೇನು? ಬರೇ ಆರು ಅಂಕಿ ಬರ್ತಾವ. ಹರಟಿ ಹೊಡ್ಯಾಕ ನಾ ಫೋನ್ ಮಾಡಂಗಿಲ್ಲ, ಮಲ್ಲಯ್ಯನ ಆಣಿ.